ತಾರಸಿ ಮೇಲೆ ಮತ್ತೊಂದು ಮಾಡು: ಕಾಸರಗೋಡಿನ ಮನೆಗಳು ಬಿಸಿಯಾದ ಕಥೆ

2024ರ ಬೇಸಿಗೆಯಲ್ಲಿ ಕೇರಳದ ವಿದ್ಯುತ್ ಬೇಡಿಕೆ 5,700 ಮೆಗಾವ್ಯಾಟ್ ದಾಟಿತು. ಅಲ್ಲಿವರೆಗೆ ಅಷ್ಟು ಆಗಿದ್ದೇ ಇಲ್ಲ. ಅಂಕಿಗಿಂತ ಕುತೂಹಲದ್ದು ಅದು ಆದ ಹೊತ್ತು. ಮೊದಲೆಲ್ಲ ದೀಪ ಹಚ್ಚುವ ಹೊತ್ತಿಗೆ ಲೋಡ್ ಏರಿ, ಊಟ ಮುಗಿಯುವಾಗ ಇಳಿಯುತ್ತಿತ್ತು. ಆ ವರ್ಷ ರಾತ್ರಿ ಹತ್ತು ದಾಟಿದರೂ ಏರುತ್ತಲೇ ಇತ್ತು. ಕಾರಣ ಎಲ್ಲರಿಗೂ ಗೊತ್ತು: ಮಲಗುವ ಕೋಣೆಯ ಎಸಿ.

ಸೂರ್ಯ ಮುಳುಗಿ ನಾಲ್ಕು ಗಂಟೆಯಾದ ಮೇಲೂ ಮನೆಯೊಳಗೆ ಯಾಕೆ ಇಷ್ಟು ಸೆಕೆ? ಕಾಸರಗೋಡು ಪೇಟೆಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುವುದು ತಲೆಯ ಮೇಲಿನ ಸ್ಲ್ಯಾಬ್ ಕಡೆಗೆ. ಅವರು ಹೇಳುವುದು ಸರಿಯೇ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟ್ ಬೆಳಗ್ಗಿನಿಂದ ಬಿಸಿಲು ಕುಡಿಯುತ್ತದೆ. ಆ ಬಿಸಿ ಕೆಳಗಿನ ಮುಖಕ್ಕೆ ಇಳಿಯಲು ಕೆಲವು ಗಂಟೆ ಬೇಕು. ಹಾಗಾಗಿ ಹೊರಗೆ ತಂಪಾಗುವಾಗ ಒಳಗೆ ಸೀಲಿಂಗ್ ಕಾವು ಬಿಡಲು ಶುರು ಮಾಡುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಗಾಳಿಯಲ್ಲಿ ಪಸೆ ಜಾಸ್ತಿ. ವಿಜಯಪುರದಂಥ ಒಣ ಊರಲ್ಲಿ ದಪ್ಪ ಗೋಡೆ ರಾತ್ರಿಯ ಚಳಿಗೆ ತಣಿಯುತ್ತದೆ. ಇಲ್ಲಿ ತಣಿಯಲು ಚಳಿಯೇ ಇಲ್ಲ. ಇಲ್ಲಿ ಬೇಕಾದದ್ದು ನೆರಳು ಮತ್ತು ಗಾಳಿಯಾಟ.

ಈ ಸ್ಲ್ಯಾಬ್ ನಮ್ಮೂರಿಗೆ ಹಳೆಯದೇನಲ್ಲ. ಅದಕ್ಕೆ ಮುಂಚೆ ಮುಳಿಹುಲ್ಲಿನ ಮಾಡು (ಛಾವಣಿ), ತೆಂಗಿನ ಮಡಲಿನ ಮಾಡು. ತಂಪಿಗೆ ಅದನ್ನು ಮೀರಿಸಿದ್ದು ಇಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದೆಸಬೇಕು, ಬೆಂಕಿಯ ಭಯ ಬೇರೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಶನರಿಯ ಕೆಲಸ ಅದು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಜಿಲ್ಲಾ ಕೇಂದ್ರವೇ ಮಂಗಳೂರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ ಹಾಗೆಯೇ ಇತ್ತು. ಹಂಚು ಈ ಕಡೆ ಬರಲು ತಡವಾಗಲಿಲ್ಲ. ಈಗಲೂ ಹಳೆ ಮನೆ ಕೆಡವುವಲ್ಲಿ ಹಂಚು ಮಗುಚಿ ನೋಡಿದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುತ್ತದೆ.

ಹಂಚಿನ ಮಾಡು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಕ್ಕಾಸಿನ (ಇಳಿಜಾರು ಮರದ ತೊಲೆ) ಮೇಲೆ ರೀಪು (ಅಡ್ಡಪಟ್ಟಿ), ರೀಪಿನ ಮೇಲೆ ಒಂದಕ್ಕೊಂದು ಕೊಂಡಿಯಾಗಿ ಕೂರುವ ಹಂಚು. ನೀರು ಒಳಗೆ ಬರದಷ್ಟು ಬಿಗಿ, ಗಾಳಿ ಹೊರಗೆ ಹೋಗುವಷ್ಟು ಸಡಿಲ. ಬಿಸಿಗಾಳಿ ಮೇಲೇರಿ ಸಂದಿಯಲ್ಲಿ ಹೋಗಿಬಿಡುತ್ತದೆ. ಅಡುಗೆಮನೆಯ ಹೊಗೆಗೂ ಅದೇ ದಾರಿ. ಹಂಚು ತೆಳ್ಳಗಿರುವುದರಿಂದ ಬಿಸಿಲು ಇಳಿದ ಸ್ವಲ್ಪ ಹೊತ್ತಿಗೇ ತಣಿಯುತ್ತದೆ. ಉಳ್ಳವರ ಮನೆಯಲ್ಲಿ ಕೆಳಗೆ ಹಲಗೆಯ ಮುಚ್ಚಿಗೆ, ಮೇಲೆ ಅಟ್ಟ. ಅಂದರೆ ಬಿಸಿಲಿಗೂ ಮಲಗುವವರಿಗೂ ನಡುವೆ ಎರಡು ಪದರ, ಮಧ್ಯೆ ಗಾಳಿ. ಮಾಡಿನ ಇಳಿಜಾರು ಗೋಡೆ ದಾಟಿ ಜಗಲಿಯವರೆಗೆ ಚಾಚಿರುತ್ತಿತ್ತು. ಮಳೆಯೂ ಬಿಸಿಲೂ ಗೋಡೆ ಮುಟ್ಟುತ್ತಿರಲಿಲ್ಲ.

ಗೋಡೆಗೆ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಬೇಕಲ ಕೋಟೆಯೂ ಇದೇ ಕಲ್ಲಿನದ್ದು. 1800-01ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕಂಡು ಬೆರಗಾಗಿ ಬರೆದಿಟ್ಟ: ನೆಲದೊಳಗಿರುವಾಗ ಕಬ್ಬಿಣದ ಹತ್ಯಾರಿನಲ್ಲಿ ಕೊಯ್ಯುವಷ್ಟು ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಸುಡಬೇಕಿಲ್ಲ, ಹಾಗಾಗಿ ಸೌದೆ ಖರ್ಚಿಲ್ಲ. ದೂರದಿಂದ ತರಬೇಕೆಂದೂ ಇಲ್ಲ.

ಇಷ್ಟೆಲ್ಲ ಇದ್ದೂ ಬಿಟ್ಟೆವಲ್ಲ, ಯಾಕೆ? ಸುಮ್ನೆ ಫ್ಯಾಷನ್ ಎಂದು ಬಯ್ಯುವುದು ಸುಲಭ. ಆದರೆ ಹಂಚಿನ ಮನೆ ನೋಡಿಕೊಂಡವರಿಗೆ ಅದರ ಕಷ್ಟ ಗೊತ್ತು. ಮಂಗ ಹಾರಿದರೆ ಹಂಚು ಒಡೆಯುತ್ತದೆ. ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ. ಮರ ದುಬಾರಿಯಾಯಿತು, ಮಾಡಿಗೆ ಹತ್ತುವ ಆಳು ಸಿಗದಂತಾಯಿತು. 1970ರ ದಶಕದಲ್ಲಿ ಗಲ್ಫ್ ದುಡ್ಡು ಬರತೊಡಗಿತು. ಅದೇ ಹೊತ್ತಿಗೆ, 1972ರಲ್ಲಿ, ಕೇರಳ ಸರಕಾರ ಬಡವರಿಗಾಗಿ ಲಕ್ಷ ಮನೆ ಯೋಜನೆ ತಂದಿತು. ಲಕ್ಷಂವೀಡು ಕಾಲನಿಗಳು ನಮ್ಮ ಕಡೆಯೂ ಇವೆ. ಹಂಚಿನ ಸಣ್ಣ ಮನೆ ಬಡತನದ ಗುರುತಾಯಿತು, ತಾರಸಿ ಮನೆ ಗೆದ್ದವರ ಗುರುತಾಯಿತು. ಮೇಲೆ ಇನ್ನೊಂದು ಮಹಡಿ ಏರಿಸಬಹುದು ಎಂಬ ಆಸೆ ಬೇರೆ. ಐದು ಸೆಂಟ್ಸ್ ಜಾಗದಲ್ಲಿ ಅದು ನ್ಯಾಯವಾದ ಆಸೆಯೇ.

ತಮಾಷೆಯೆಂದರೆ, ಸ್ಲ್ಯಾಬ್ ಏಳುತ್ತಿದ್ದ ಅದೇ ವರ್ಷಗಳಲ್ಲಿ ಕೇರಳದ ಇನ್ನೊಂದು ತುದಿಯಲ್ಲಿ ಲಾರಿ ಬೇಕರ್ ಬೇರೆ ದಾರಿ ತೋರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ಈ ವಾಸ್ತುಶಿಲ್ಪಿ ಸಾರಣೆ ಬೇಡ, ತೂತುಗಳಿರುವ ಜಾಲಿ ಗೋಡೆ ಸಾಕು, ಕಾಂಕ್ರೀಟ್ ಕಡಿಮೆ ಮಾಡಿ ಎನ್ನುತ್ತಿದ್ದರು. ಅವರೂ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರೂ ಸೇರಿ 1985ರಲ್ಲಿ ಕಡಿಮೆ ಖರ್ಚಿನ ಕಟ್ಟಡಗಳಿಗಾಗಿ ಕಾಸ್ಟ್‌ಫೋರ್ಡ್ ಸಂಸ್ಥೆ ಶುರುವಾಯಿತು. ಬೇಕರ್ ಹೆಸರಿನೊಂದಿಗೆ ತಳಕು ಹಾಕಿಕೊಂಡ ಇಟ್ಟಿಗೆಯ ಪೊಳ್ಳು ಗೋಡೆ ಮುರಕಲ್ಲಿನ ನಮ್ಮೂರಿಗೆ ಅಷ್ಟು ಹೊಂದುವುದಿಲ್ಲ. ಫಿಲ್ಲರ್ ಸ್ಲ್ಯಾಬ್ ಮಾತ್ರ ನಮಗೆಂದೇ ಮಾಡಿದಂತಿದೆ. ಸ್ಲ್ಯಾಬಿನ ಕೆಳಭಾಗದಲ್ಲಿ ಭಾರ ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟ್‌ಗೆ ದೊಡ್ಡ ಕೆಲಸವಿಲ್ಲ. ಆ ಜಾಗದಲ್ಲಿ ಎರಡೆರಡು ಹಳೆ ಮಂಗಳೂರು ಹಂಚು ಜೋಡಿಸಿಟ್ಟರೆ ಸಿಮೆಂಟ್ ಉಳಿಯುತ್ತದೆ, ಹಂಚುಗಳ ನಡುವಿನ ಗಾಳಿ ಬಿಸಿಯನ್ನು ಸ್ವಲ್ಪ ತಡೆಯುತ್ತದೆ. ಒಪ್ಪುವ ಮೇಸ್ತ್ರಿ ಸಿಗಬೇಕು, ಅಷ್ಟೇ. "ಸೋರಿದರೆ ನನ್ನನ್ನು ಕೇಳಬೇಡಿ" ಎಂಬ ಮಾತಿಗೆ ಹೆಚ್ಚಿನವರು ಅಲ್ಲೇ ಕೈಬಿಡುತ್ತಾರೆ.

ಮಳೆ ಮಾತ್ರ ಸ್ಲ್ಯಾಬನ್ನು ಬಿಡಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಲ್ಲಿ ಸಮತಟ್ಟು ಮಾಡು! ಹತ್ತು ಹದಿನೈದು ವರ್ಷದಲ್ಲಿ ಬಿರುಕು, ಪಾಚಿ, ಸೋರಿಕೆ. ಆಗ ಬಂದದ್ದು ಶೀಟು. ಕಾಸರಗೋಡು, ಕುಂಬಳೆ, ಉಪ್ಪಳ, ಎಲ್ಲಿ ನೋಡಿದರೂ ತಾರಸಿಯ ಮೇಲೆ ಕಬ್ಬಿಣದ ಟ್ರಸ್ (ಚೌಕಟ್ಟು), ಅದರ ಮೇಲೆ ನೀಲಿ, ಕೆಂಪು ತಗಡಿನ ಶೀಟು. ಸೋರುವುದು ನಿಲ್ಲಲೆಂದು ಹಾಕಿಸಿದ್ದು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಆಯಿತು. ಆಮೇಲೆ ಗೊತ್ತಾಯಿತು, ಕೆಳಗಿನ ಕೋಣೆಯ ಸೆಕೆಯೂ ಕಡಿಮೆಯಾಗಿದೆ. ಬಿಸಿಲು ನೇರ ಸ್ಲ್ಯಾಬಿಗೆ ಬೀಳುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಅಟ್ಟವೇ ಕಬ್ಬಿಣದ ವೇಷದಲ್ಲಿ ಮರಳಿ ಬಂತು, ಅದೂ ಎರಡು ಮಾಡಿನ ಖರ್ಚು ಮಾಡಿಸಿ! ಒಂದು ಎಚ್ಚರಿಕೆ: ಕೆಲವರು ಸುತ್ತಲೂ ಶೀಟು ಮುಚ್ಚಿ ಕೋಣೆ ಮಾಡಿಕೊಳ್ಳುತ್ತಾರೆ. ಗಾಳಿ ನಿಂತರೆ ಅದು ಒಲೆಯೇ. ಇನ್ನು ಇಳಿಜಾರು ಸ್ಲ್ಯಾಬ್ ಹಾಕಿ ಅದಕ್ಕೆ ಹಂಚು ಅಂಟಿಸುವವರದ್ದು ಹೆಚ್ಚಿನ ಪಾಲು ಅಲಂಕಾರ. ನಡುವೆ ಗಾಳಿಯೇ ಇಲ್ಲವಲ್ಲ.

ಸರಕಾರದ ಲೆಕ್ಕಾಚಾರ ಬಂದದ್ದು ಇದೆಲ್ಲ ಆದ ಮೇಲೆ. ವಿದ್ಯುತ್ ಉಳಿಸುವ ಮನೆಗಳಿಗಾಗಿ ಕೇಂದ್ರ ಮಾಡಿದ ನಿಯಮಾವಳಿ, ಇಕೋ ನಿವಾಸ್ ಸಂಹಿತೆ, ಹೊರಬಿದ್ದದ್ದು 2018ರ ಡಿಸೆಂಬರಿನಲ್ಲಿ. ಅದರ ಪ್ರಕಾರ ಮಾಡಿನ ಮೂಲಕ ಬಿಸಿ ದಾಟುವ ಪ್ರಮಾಣ, ಅಂದರೆ ಯು-ಮೌಲ್ಯ, 1.2 ಮೀರಬಾರದು. ಬರಿ ಸ್ಲ್ಯಾಬಿಗೆ ಅದು 3ರ ಆಸುಪಾಸು. ನಮ್ಮಂಥ ಸೆಕೆ-ಪಸೆಯ ಊರುಗಳಲ್ಲಿ ತೆರೆಯಬಹುದಾದ ಕಿಟಕಿ ಕಾರ್ಪೆಟ್ ಏರಿಯಾದ (ಗೋಡೆ ಬಿಟ್ಟು ಒಳಗಿನ ನೆಲ) ಆರನೇ ಒಂದು ಭಾಗವಾದರೂ ಇರಬೇಕು ಎಂದೂ ಇದೆ. ಈಗಿನ ಎರಡು ಬಾಗಿಲ ಸ್ಲೈಡಿಂಗ್ ಕಿಟಕಿ ಎಷ್ಟು ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಮುರಕಲ್ಲಿನ ಬಗ್ಗೆಯೂ ಒಂದು ಮಾತು. ನಮ್ಮ ಪದವುಗಳು (ಗುಡ್ಡದ ಮೇಲಿನ ಬಯಲುಗಳು) ಮಳೆನೀರು ಹಿಡಿದಿಡುವುದೇ ಈ ಕಲ್ಲಿನಲ್ಲಿ. ಬಾಯಾರು ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಸುರಂಗಗಳಿಗೆ ನೀರು ಜಿನುಗುವುದೂ ಅದರಿಂದಲೇ. ಯಂತ್ರ ಇಟ್ಟು ಗುಡ್ಡಕ್ಕೆ ಗುಡ್ಡವೇ ಕೊಯ್ದರೆ ಮನೆ ತಂಪಾಗಬಹುದು, ಬಾವಿ ಒಣಗುತ್ತದೆ. ಕೆಡವಿದ ಮನೆಯ ಕಲ್ಲು ಮತ್ತೆ ಬಳಸಲು ಬರುತ್ತದೆ, ಅದನ್ನೇ ಮೊದಲು ಹುಡುಕುವುದು ಒಳ್ಳೆಯದು. ಮಳೆಕೊಯ್ಲಂತೂ ಕೇರಳದಲ್ಲಿ 2004ರಿಂದಲೇ ಹಲವು ಬಗೆಯ ಹೊಸ ಕಟ್ಟಡಗಳಿಗೆ ಕಡ್ಡಾಯ. ಪ್ಲ್ಯಾನಿನಲ್ಲಿ ಟ್ಯಾಂಕು ಕಾಣುತ್ತದೆ, ಅಂಗಳದಲ್ಲಿ ಹುಡುಕಬೇಕು.

ಸೋಲಾರ್ ಹಾಕಿಸುವವರು ಹೆಚ್ಚುತ್ತಿದ್ದಾರೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಳ್ಳೆಯದೇ. ಆದರೆ ನನ್ನನ್ನು ಕೇಳಿದರೆ ಮೊದಲು ಮಾಡಿನ ಕೆಲಸ, ಆಮೇಲೆ ಪ್ಯಾನೆಲ್. ಇಲ್ಲಿನ ದರದಲ್ಲಿ ತಿಂಗಳ ಬಳಕೆ 250 ಯೂನಿಟ್ ದಾಟಿದರೆ ಪೂರ್ತಿ ಬಳಕೆಗೂ ಮೇಲಿನ ದರ ಬೀಳುತ್ತದೆ. ಎರಡು ತಿಂಗಳ ಬಿಲ್ ಒಟ್ಟಿಗೆ ಬಂದಾಗ ಅದರ ಬಿಸಿ ತಟ್ಟುತ್ತದೆ. ಆ ಗಡಿಯೊಳಗೆ ಉಳಿಯಲು ತಾರಸಿಗೆ ಬಿಳಿ ಬಣ್ಣ, ಮೂವತ್ತು ವ್ಯಾಟ್ ಆಸುಪಾಸಿನ, ಕರೆಂಟ್ ಉಳಿಸುವ ಬಿಎಲ್‌ಡಿಸಿ ಫ್ಯಾನು, ಕಿಟಕಿಗೆ ಸೊಳ್ಳೆಪರದೆ ಇಷ್ಟಾದರೂ ಮೊದಲು ಮಾಡಿ ನೋಡಬಹುದು. ಹಳೆ ಫ್ಯಾನ್ ತಿನ್ನುವುದು ಎಪ್ಪತ್ತೈದು ವ್ಯಾಟ್.

ಹೊಸ ಮನೆ ಕಟ್ಟುವವರಿಗೆ ಎದುರಾಗುವ ಇನ್ನೊಂದು ತೊಡಕು ಕನ್ನಿಮೂಲೆ. ಯಜಮಾನನ ಮಲಗುವ ಕೋಣೆ ನೈಋತ್ಯದಲ್ಲೇ ಇರಬೇಕು ಎನ್ನುತ್ತದೆ ವಾಸ್ತು. ಸಂಜೆಯ ಬಿಸಿಲು ಕೊನೆವರೆಗೂ ಹೊಡೆಯುವುದು ಆ ಮೂಲೆಗೇ. ಮಾಡು ಜಗಲಿ ದಾಟಿ ಚಾಚಿದ್ದ ಕಾಲದಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಈಗ ಒಂದೂವರೆ ಅಡಿ ಸನ್‌ಶೇಡ್ ಬಿಟ್ಟರೆ ಗೋಡೆಗೆ ಬೇರೆ ನೆರಳಿಲ್ಲ. ಮನೆಯವರ ಜತೆ ಜಗಳಕ್ಕಿಳಿಯುವುದಕ್ಕಿಂತ ಆ ಎರಡು ಗೋಡೆಗಳ ಹೊರಗೆ ಹಂಚಿನದೊಂದು ಜಗಲಿ ಎಳೆಸುವುದು ಸುಲಭ. ಪ್ಲ್ಯಾನ್ ಕೊಡುವ ಮೊದಲೇ ಇಂಜಿನಿಯರಿಗೆ ಹೇಳಬೇಕು, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ನೋಡುವಾಗ ಅದೂ ಲೆಕ್ಕಕ್ಕೆ ಬರುತ್ತದೆ.