ಮೌಂಟಿಂಗ್ ಹೋಯ್ತಾ, ಇಂಜೆಕ್ಟರ್ ಹೋಯ್ತಾ?

ಪ್ರಶ್ನೆ: ನನ್ನದು 2012ರ ಡೀಸೆಲ್ ಕಾರು. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ. ಈಚೆಗೆ ನಿಂತಲ್ಲಿ ಇಡೀ ಗಾಡಿ ನಡುಗುತ್ತದೆ. ಸ್ಟೇರಿಂಗ್, ಸೀಟು, ಕನ್ನಡಿ ಎಲ್ಲವೂ. ಸ್ವಲ್ಪ ರೇಸ್ ಕೊಟ್ಟರೆ ಸುಮ್ಮನಾಗುತ್ತದೆ. ಒಂದು ಗ್ಯಾರೇಜಿನವರು ಎಂಜಿನ್ ಮೌಂಟಿಂಗ್ ಹೋಗಿದೆ ಅಂದರು. ಇನ್ನೊಬ್ಬರು ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಅಂದರು. ಯಾರನ್ನು ನಂಬಲಿ?
(ಕುಮಟಾದ ಓದುಗರು)

ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಇಬ್ಬರೂ ಪರೀಕ್ಷೆ ಮಾಡದೆ ಹೇಳಿದಂತೆ ಕಾಣುತ್ತದೆ.

ಮೌಂಟಿಂಗ್ ತಾನಾಗಿ ನಡುಗುವ ಸಾಮಾನಲ್ಲ. ನಡುಗುವುದು ಎಂಜಿನ್. ಮೌಂಟಿಂಗ್ ಅದರ ಅಡಿಗೆ ಇಟ್ಟ ರಬ್ಬರಿನ ದಿಂಬು. ದಿಂಬು ಹರಿದರೆ ಎಂದಿನ ನಡುಕವೇ ಸೀಟಿನವರೆಗೆ ಬರುತ್ತದೆ. ದಿಂಬು ಚೆನ್ನಾಗಿದ್ದೂ ನಡುಕ ಬಂದರೆ ಎಂಜಿನ್ನೇ ಜಾಸ್ತಿ ಕುಣಿಯುತ್ತಿದೆ ಅಂತ ಲೆಕ್ಕ. ಆಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಮೇಲೆ ಅನುಮಾನ ಬರುತ್ತದೆ. ಇವೆರಡರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಪರ್ಸ್ ತೆಗೆಯಬೇಡಿ.

ಈ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ನನ್ನ ಹಳೆ ಡೀಸೆಲ್ ಗಾಡಿಗೂ ಇದೇ ಕಾಯಿಲೆ ಬಂದಿತ್ತು. ಮೂರೂ ಮೌಂಟಿಂಗ್ ಹೊಸದು ಹಾಕಿಸಿದೆ. ನಡುಕ ಅರ್ಧಕ್ಕೆ ಇಳಿಯಿತು, ಖುಷಿಯಾಯಿತು. ಎರಡು ತಿಂಗಳಲ್ಲಿ ಮತ್ತೆ ಶುರು. ಕೊನೆಗೆ ಸಿಕ್ಕಿದ್ದು ಒಂದು ಇಂಜೆಕ್ಟರಿನ ಬುಡದಲ್ಲಿರುವ ತಾಮ್ರದ ವಾಷರ್. ಬೆರಳ ತುದಿಯಷ್ಟು ದೊಡ್ಡದು. ಅಲ್ಲಿಂದ ಸಿಲಿಂಡರಿನ ಗಾಳಿ ಸೋರುತ್ತಿತ್ತು. ಹೊಸ ಮೌಂಟಿಂಗ್ ರೋಗವನ್ನು ಎರಡು ತಿಂಗಳು ಮುಚ್ಚಿಟ್ಟಿತ್ತು, ಅಷ್ಟೇ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ನಡುಕದ ತಾಳ ಕೇಳಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 840 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 14 ಸುತ್ತು. ಪ್ರತಿ ಸುತ್ತಿಗೆ ಎರಡು ಸಿಲಿಂಡರ್ ಉರಿಯುತ್ತವೆ. ಅಂದರೆ ಸೆಕೆಂಡಿಗೆ 28 ಹೊಡೆತ. ಇಷ್ಟು ವೇಗದ ಹೊಡೆತವನ್ನು ಕೈ ಎಣಿಸಲಾರದು, ಬರೀ ಗುಂಯ್ ಅನ್ನಿಸುತ್ತದೆ. ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಆ ಸಾಲಿನಲ್ಲಿ ಸೆಕೆಂಡಿಗೆ 7 ಸಲ ಒಂದು ಹೊಡೆತ ತಪ್ಪುತ್ತದೆ. ಇದು ಕೈಗೆ ಸಿಗುತ್ತದೆ. ಧಡ್ ಧಡ್ ಅಂತ ಕುಂಟಿದ ಹಾಗೆ. ಗ್ಯಾರೇಜಿನವರು ಮಿಸ್ಸಿಂಗ್ ಹೊಡೀತಿದೆ ಅನ್ನುವುದು ಇದಕ್ಕೇ. ಸೈಲೆನ್ಸರ್ ಪೈಪಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಹೊಗೆ ಒಂದೇ ಸಮ ಬಂದರೆ ಎಂಜಿನ್ ಬಹುಶಃ ಸರಿ ಇದೆ. ಪುಫ್ ಪುಫ್ ಅಂತ ಬಂದು ನಡುನಡುವೆ ತಪ್ಪುತ್ತಿದ್ದರೆ ಮೌಂಟಿಂಗ್ ಮಾತು ಆಮೇಲೆ.

ಬೈತಖೋಲ್ ಬಂದರಿನಲ್ಲಿ ದೋಣಿ ಎಂಜಿನ್ ಕೇಳಿ ಬೆಳೆದವರಿಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಅವರ ಕಿವಿಗೆ ತಾಳ ತಪ್ಪಿದ್ದು ದೂರದಿಂದಲೇ ತಿಳಿಯುತ್ತದೆ.

ಒಂದು ಮಾತು. ಇದನ್ನು ಓದುವ ಉಳಿದವರು ತಮ್ಮ ಕಾರಿಗೆ ಎಷ್ಟು ಸಿಲಿಂಡರ್ ಅಂತ ಆರ್‌ಸಿಯಲ್ಲಿ ನೋಡಿಕೊಳ್ಳಿ. ಆ ಕಾಲದ ಬೀಟ್ ಡೀಸೆಲ್, ಪೋಲೋ 1.2 ಡೀಸೆಲ್ ಮೂರು ಸಿಲಿಂಡರಿನವು. ಅವು ಹುಟ್ಟಿನಿಂದಲೇ ಸ್ವಲ್ಪ ನಡುಗುತ್ತವೆ. ಅದಕ್ಕೆ ಔಷಧ ಇಲ್ಲ. ಮೊದಲಿಗಿಂತ ಜಾಸ್ತಿ ಆಗಿದೆಯಾ ಅನ್ನುವುದಷ್ಟೇ ಅಲ್ಲಿ ಪ್ರಶ್ನೆ.

ಮೌಂಟಿಂಗ್ ನೋಡಲು ಇನ್ನೊಬ್ಬರ ಸಹಾಯ ಬೇಕು. ಬಾನೆಟ್ ತೆರೆದು ನೀವು ಪಕ್ಕದಲ್ಲಿ ನಿಲ್ಲಿ. ಗಾಡಿಯ ಮುಂದೆಯೂ ಬೇಡ, ಹಿಂದೆಯೂ ಬೇಡ. ಲುಂಗಿ, ಶಾಲು, ಸಡಿಲ ತೋಳು ಬೆಲ್ಟಿನ ಹತ್ತಿರ ಹೋಗಬಾರದು. ಒಳಗಿದ್ದವರು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಗಾಡಿ ಎಳೆಯುವಷ್ಟೇ ಬಿಡಲಿ. ಆಮೇಲೆ ರಿವರ್ಸಿನಲ್ಲಿ ಹಾಗೇ ಮಾಡಲಿ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಧಡಕ್ಕನೆ ಎದ್ದು ಬಿದ್ದರೆ, ಟಕ್ ಅಂತ ಲೋಹದ ಸದ್ದು ಬಂದರೆ ಮೌಂಟಿಂಗ್ ಹೋಗಿದೆ. ಕೆಲವು ಮೌಂಟಿಂಗ್ ಒಳಗೆ ಎಣ್ಣೆ ತುಂಬಿರುತ್ತದೆ. ಅದರ ಸುತ್ತ ಎಣ್ಣೆ ಜಿನುಗಿದ ಕಲೆ ಕಂಡರೂ ಅದೇ ತೀರ್ಪು. ಬದಲಿಸುವುದಾದರೆ ಅಗ್ಗದ್ದು ಹಾಕಿಸಬೇಡಿ. ಅಗ್ಗದ ರಬ್ಬರ್ ಕಲ್ಲಿನಂತೆ ಗಟ್ಟಿ. ಹೊಸದು ಹಾಕಿಸಿದ ಮೇಲೂ ನಡುಕ ಹಾಗೇ ಇದೆ ಅಂತ ಬೇಜಾರು ಮಾಡಿಕೊಂಡವರು ಬಹಳ ಜನ.

ಎಂಜಿನ್ನೇ ಕುಂಟುತ್ತಿದೆ ಅಂತ ಗೊತ್ತಾದರೆ ಯಾವ ಸಿಲಿಂಡರ್ ಅಂತ ಹುಡುಕಬೇಕು. ಮೊದಲಿನ ಇಂಡಿಕಾದಂಥ ಹಳೆ ಪಂಪಿನ ಗಾಡಿಗಳಲ್ಲಿ ಮೆಕ್ಯಾನಿಕ್ ಪಾನಾ ಹಿಡಿದು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಿದ್ದ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ನಿಮ್ಮದು 2012ರದ್ದು ಅಂದರೆ ಹೆಚ್ಚುಕಡಿಮೆ ಕಾಮನ್ ರೈಲ್ ಎಂಜಿನ್, ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. ಇದರಲ್ಲಿ ಆ ಉಪಾಯ ಮಾಡಲೇಬಾರದು, ಯಾರಾದರೂ ಮಾಡಲು ಹೊರಟರೆ ತಡೆಯಿರಿ. ನಿಮ್ಮ ಟೈರಿನಲ್ಲಿರುವ ಒತ್ತಡ ಸುಮಾರು 2.2 ಬಾರ್. ಈ ಪೈಪಿನಲ್ಲಿ ನಿಂತಲ್ಲೇ ನೂರಾರು ಬಾರ್, ಓಡುವಾಗ ಸಾವಿರ ದಾಟುತ್ತದೆ. ಸಡಿಲಿಸಿದ ನಟ್ಟಿನಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಬೆರಳು ಕತ್ತರಿಸುವ ತನಕ ಹೋಗಬಹುದು.

ಇಲ್ಲಿ ಬೇಕಾದ್ದು ಸ್ಕ್ಯಾನರ್. ಎಂಜಿನ್ನಿನ ಕಂಪ್ಯೂಟರ್ ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅಂತ ಅದು ತೋರಿಸುತ್ತದೆ. ಮೂರರ ಅಂಕಿ ಹತ್ತಿರ ಹತ್ತಿರ ಇದ್ದು ಒಂದರದ್ದು ಮಾತ್ರ ಎಲ್ಲೋ ಇದ್ದರೆ ಅಲ್ಲೇ ನೋಡಬೇಕು. ಇನ್ನೊಂದು ಪರೀಕ್ಷೆ ಇನ್ನೂ ಸರಳ. ನಾಲ್ಕು ಇಂಜೆಕ್ಟರಿನಿಂದ ಉಳಿದ ಡೀಸೆಲ್ ಹಿಂದಿರುಗುವ ವಾಪಸ್ ಪೈಪಿಗೆ ನಾಲ್ಕು ಚಿಕ್ಕ ಬಾಟಲಿ ಕಟ್ಟುತ್ತಾರೆ. ಸ್ವಲ್ಪ ಹೊತ್ತು ಎಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಇವೆರಡೂ ಮಾಡದೆ ನಾಲ್ಕೂ ಬದಲಿಸಿ ಅಂದರೆ ಒಪ್ಪಬೇಡಿ. ಒಂದೇ ಕೆಟ್ಟಿರಬಹುದು. ಬರೀ ವಾಷರ್ ಇರಬಹುದು. ವಾಷರ್ ಆದರೆ ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಕಪ್ಪು ಕಟ್ಟಿರುತ್ತದೆ, ಚಫ್ ಚಫ್ ಸದ್ದು ಬರುತ್ತದೆ, ಒಳಗೆ ಹೊಗೆ ವಾಸನೆ ಬರುತ್ತದೆ. ಆ ಸಿಲಿಂಡರಿನ ಕಂಪ್ರೆಷನ್ನೇ (ಗಾಳಿಯನ್ನು ಒತ್ತುವ ಬಲ) ಕಡಿಮೆ ಇದ್ದರೆ ಇಂಜೆಕ್ಟರ್ ಪಾಪ ಏನು ಮಾಡೀತು, ಅಲ್ವಾ?

ಇನ್ನು ನಮ್ಮ ಕಡೆಯ ವಿಶೇಷ ಕಾರಣಗಳು. ಇವನ್ನು ಯಾವ ಮ್ಯಾನುಯಲ್ಲೂ ಬರೆಯುವುದಿಲ್ಲ.

ಮೊದಲನೆಯದು ಇಲಿ. ಮಳೆಗಾಲದಲ್ಲಿ ತೋಟದ ಮನೆಯಂಗಳದಲ್ಲಿ ನಿಲ್ಲಿಸಿದ ಗಾಡಿಯ ಎಂಜಿನ್ನಿನಷ್ಟು ಬೆಚ್ಚಗಿನ ಜಾಗ ಇಲಿಗೆ ಇನ್ನೆಲ್ಲಿ ಸಿಗಬೇಕು? ಒಳಗೆ ಅಡಿಕೆ ಸಿಪ್ಪೆ ಸಿಕ್ಕರೆ ಅದೇ ಗುರುತು. ಇಂಜೆಕ್ಟರಿನ ವೈರ್ ಕಡಿದರೆ ಎಂಜಿನ್ ಒಂದು ಕಾಲು ಕುಂಟುತ್ತದೆ. ಮೇಲಿನ ಮುಚ್ಚಳದ ಸ್ಪಂಜು ಕಡಿದರೆ ಎಂಜಿನ್ ಚೆನ್ನಾಗಿದ್ದರೂ ಸದ್ದು ಜಾಸ್ತಿ ಆಗುತ್ತದೆ. ಟಾರ್ಚ್ ಹಿಡಿದು ಐದು ನಿಮಿಷ ನೋಡಿದರೆ ಸಾಕು, ಖರ್ಚಿಲ್ಲ.

ಎರಡನೆಯದು ಉಪ್ಪುಗಾಳಿ. ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯ ಗಾಡಿಗಳಲ್ಲಿ ಸೈಲೆನ್ಸರ್ ಪೈಪಿನ ಮೇಲಿನ ತಗಡು ಬೋಲ್ಟಿನ ಹತ್ತಿರ ತುಕ್ಕು ಹಿಡಿದು ಸಡಿಲವಾಗುತ್ತದೆ. ನಿಂತಲ್ಲಿ ಝರ್ ಅನ್ನುತ್ತದೆ, ರೇಸ್ ಕೊಟ್ಟ ತಕ್ಷಣ ನಿಲ್ಲುತ್ತದೆ. ಎಂಜಿನ್ನೇ ಹೋಯಿತು ಅಂತ ಗಾಬರಿಯಾಗುವಷ್ಟು ದೊಡ್ಡ ಸದ್ದು. ಎಂಜಿನ್ ಆರಿಸಿ, ಪೈಪ್ ತಣ್ಣಗಾದ ಮೇಲೆ ಕೈಯಿಂದ ತಟ್ಟಿ ನೋಡಿ. ಒಂದು ಕ್ಲ್ಯಾಂಪ್ ಹಾಕಿದರೆ ಮುಗಿಯಿತು.

ಚಳಿಯದ್ದೂ ಒಂದು ಲೆಕ್ಕ ಇದೆ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಉಳಿದ ಗಾಡಿ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು ಎರಡು ನಿಮಿಷ ನಡುಗಿ ಸರಿಹೋಗುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ನಿಲ್ಲಿಸಿದರೆ ಮರುದಿನ ಏನೂ ಇಲ್ಲ. ಹೀಗಾದರೆ ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಪರೀಕ್ಷೆ ಮಾಡಿಸಿ. ಇಂಜೆಕ್ಟರ್ ಮಾತು ಆಮೇಲೆ.

ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರುವುದೂ ಮಳೆಗಾಲದ ತೊಂದರೆಯೇ. ಹೆಚ್ಚಿನ ಫಿಲ್ಟರುಗಳ ಅಡಿಯಲ್ಲಿ ನೀರು ಬಿಡುವ ಸ್ಕ್ರೂ ಇರುತ್ತದೆ. ಪಾರದರ್ಶಕ ಬಾಟಲಿಗೆ ಬಿಟ್ಟು ಸ್ವಲ್ಪ ಹೊತ್ತು ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅದನ್ನು ಅಲಕ್ಷ್ಯ ಮಾಡಿದರೆ ಇಂಜೆಕ್ಟರ್ ಖರ್ಚು ನಿಜವಾಗಿಯೂ ಬರುತ್ತದೆ.

ನಡುಕ ಓಡುವಾಗ ಮಾತ್ರ ಬಂದರೆ ಅದು ಬೇರೆ ಕಥೆ. 80ರ ಆಸುಪಾಸಿನಲ್ಲಿ ಸ್ಟೇರಿಂಗ್ ನಡುಗಿದರೆ ಚಕ್ರ ನೋಡಿ. ಕೆಂಪು ಮಣ್ಣಿನ ರಸ್ತೆಯಲ್ಲಿ ಹೋಗಿ ಬಂದ ಮೇಲೆ ರಿಮ್ಮಿನ ಒಳಬದಿಗೆ ಕೆಸರು ಅಂಟಿ ಒಣಗಿದರೂ ಹೀಗಾಗುತ್ತದೆ. ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮೊದಲು ತೊಳೆಯಿರಿ.

ಸದ್ದುಗಳಲ್ಲಿ ಹೆಚ್ಚಿನವು ಒಂದು ವಾರ ಕಾಯುತ್ತವೆ. ಕ್ಲಚ್ ಒತ್ತಿದಾಗ ಬರುವ ಸದ್ದು ಕ್ಲಚ್ ಬೇರಿಂಗಿನದ್ದು, ಬಿಟ್ಟಾಗ ಬರುವುದು ಗೇರ್‌ಬಾಕ್ಸಿನದ್ದು ಇರಬಹುದು. ಮಳೆಗಾಲದ ಬೆಳಿಗ್ಗೆ ಕಿರ್ರ್ ಅನ್ನುವುದು ಬಹುಶಃ ಬೆಲ್ಟ್. ಆದರೆ ಎಂಜಿನ್ನಿನ ಕೆಳಗಿನಿಂದ, ಏರು ಹತ್ತುವಾಗ ಭಾರವಾದ ಧಬ್ ಧಬ್ ಬಂದರೆ, ಅಥವಾ ಆಯಿಲ್ ದೀಪ ಹತ್ತಿದರೆ, ಘಟ್ಟದ ಮಧ್ಯವಾದರೂ ಸರಿ, ಜಾಗ ನೋಡಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಊರು ಮುಟ್ಟಿಸೋಣ ಅಂತ ಓಡಿಸಿದರೆ ಎಂಜಿನ್ ಬಿಚ್ಚುವ ಕೆಲಸ ಆಗುತ್ತದೆ.

ನಿಮ್ಮ ಗಾಡಿಯ ವಿಷಯಕ್ಕೆ ಬರೋಣ. ರೇಸ್ ಕೊಟ್ಟರೆ ಸುಮ್ಮನಾಗುತ್ತದೆ ಅಂದಿರಿ. ಇದು ಹರಿದ ಮೌಂಟಿಂಗಿಗೂ ಹೊಂದುತ್ತದೆ, ಸಣ್ಣ ಮಿಸ್ಸಿಂಗಿಗೂ ಹೊಂದುತ್ತದೆ. ಅದಕ್ಕೇ ಇಬ್ಬರೂ ಬೇರೆ ಬೇರೆ ಹೇಳಿದ್ದು. ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು, ಸ್ಟಾರ್ಟ್ ಮಾಡಿ, ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಒಮ್ಮೆ ಏಸಿ ಹಾಕಿ, ಒಮ್ಮೆ ಆರಿಸಿ. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಹಲ್ಲುನೋವಿನ ಹಾಗೆ, ಡಾಕ್ಟರ ಎದುರು ಏನೂ ಇರುವುದಿಲ್ಲ ಮಾರಾಯ್ರೇ. ಆ ವಿಡಿಯೋ ತೋರಿಸಿ, ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ನಾಲ್ಕು ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಅಂಕಿಗಳು ಸಮ ಇದ್ದರೆ ಮೌಂಟಿಂಗ್ ಹಾಕಿಸಿ. ಒಂದು ಮಾತ್ರ ಬೇರೆ ಇದ್ದರೆ ಆ ಸಿಲಿಂಡರಿನ ವೈರ್, ವಾಷರ್ ಮೊದಲು ನೋಡಿಸಿ, ಇಂಜೆಕ್ಟರ್ ಕೊನೆಗೆ.