6ನೇ ಪದರ ಮೊದಲು ಏಕೆ? ನರನಳಿಕೆಯಿಂದ ಕಾರ್ಟೆಕ್ಸ್‌ವರೆಗೆ

ಮನುಷ್ಯನ ಭ್ರೂಣದಲ್ಲಿ ನರನಳಿಕೆ (ಮುಂದೆ ಮೆದುಳು, ಬೆನ್ನುಹುರಿ ಆಗುವ ಕೊಳವೆ) 4ನೇ ವಾರದ ಕೊನೆಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದರ ಗೋಡೆ ದಪ್ಪವಾಗುತ್ತಾ ಮೂರು ವಲಯಗಳಾಗುತ್ತದೆ. ಒಳಗಿನ ಪೊಳ್ಳಿನ ಪಕ್ಕ ವೆಂಟ್ರಿಕ್ಯುಲರ್, ನಡುವೆ ಮ್ಯಾಂಟಲ್, ಹೊರಗೆ ಮಾರ್ಜಿನಲ್. ಕೋಶಗಳು ಒಡೆದು ಎರಡಾಗುವುದು ಪೊಳ್ಳಿನ ಅಂಚಿನಲ್ಲಿ. ಹುಟ್ಟಿದ ನ್ಯೂರಾನ್‌ಗಳು (ನರಕೋಶಗಳು) ಹೊರಕ್ಕೆ ಸರಿದು ಮ್ಯಾಂಟಲ್ ಕಟ್ಟುತ್ತವೆ. ಬೆನ್ನುಹುರಿಯಲ್ಲಿ ಮ್ಯಾಂಟಲ್ ಬೂದು ಭಾಗವಾಗುತ್ತದೆ, ಆಕ್ಸಾನ್ (ನ್ಯೂರಾನ್‌ನ ಉದ್ದನೆಯ ಎಳೆ) ತುಂಬಿದ ಮಾರ್ಜಿನಲ್ ಬಿಳಿ ಭಾಗವಾಗುತ್ತದೆ. ಇಲ್ಲಿವರೆಗೆ ಸುಲಭ.

ನಾನು ಎಡವಿದ್ದು ಕಾರ್ಟೆಕ್ಸ್‌ನಲ್ಲಿ, ಅಂದರೆ ಆರು ಪದರಗಳಿರುವ ಮೆದುಳಿನ ಹೊರಭಾಗದಲ್ಲಿ. ಹೊಸ ಕೋಶ ಹುಟ್ಟುವುದು ಒಳಗೆ, ಅಲ್ವಾ? ಹಾಗಾದರೆ ಅದು ಹಳೆಯದನ್ನು ಹೊರಕ್ಕೆ ತಳ್ಳಬೇಕು, ತೀರಾ ಹೊರಗಿನದೇ ಹಿರಿಯದು ಎಂದುಕೊಂಡಿದ್ದೆ. ನಡೆಯುವುದು ಪೂರ್ತಿ ಉಲ್ಟಾ.

ಮನೆ ಕಟ್ಟುವುದನ್ನು ನೆನೆಯಿರಿ. ಪೊಳ್ಳಿನ ಅಂಚು ನೆಲ, ಮೆದುಳಿನ ಹೊರಮೈ ತಾರಸಿ. ಮೊದಲು ನೆಲಮಹಡಿ ಏಳುತ್ತದೆ. ಮೊದಲನೇ ಮಹಡಿ ಕಟ್ಟುವವರು ನೆಲದಿಂದಲೇ ಹೊರಟು, ನೆಲಮಹಡಿಯನ್ನು ದಾಟಿ, ಸಾರವೆ ಹಿಡಿದು ಮೇಲೆ ಹತ್ತುತ್ತಾರೆ. ಕೆಳಗಿನವರನ್ನು ಯಾರೂ ತಳ್ಳುವುದಿಲ್ಲ. ಇಲ್ಲಿ ಸಾರವೆ ಎಂದರೆ ರೇಡಿಯಲ್ ಗ್ಲಿಯಾ. ನೆಲದಿಂದ ತಾರಸಿವರೆಗೆ ಚಾಚಿದ ಉದ್ದನೆಯ ಕೋಶ ಅದು. ಇನ್ನೊಂದು ವಿಷಯ, ಈ ಸಾರವೆಯೇ ಒಡೆದು ನ್ಯೂರಾನ್‌ಗಳನ್ನೂ ಹುಟ್ಟಿಸುತ್ತದೆ!

ಜಾಸ್ತಿ ಗೊಂದಲ ಮಾಡಿದ್ದು ಸಂಖ್ಯೆ. ಪದರಗಳನ್ನು ಎಣಿಸುವುದು ತಾರಸಿಯಿಂದ ಕೆಳಕ್ಕೆ. ಹಾಗಾಗಿ ಮೊದಲು ಕಟ್ಟಿದ ಕೆಳಮಹಡಿಗೆ 6 ಎಂಬ ಹೆಸರು. ಆಮೇಲೆ 5, 4, 3, 2. ಮಾರ್ಜಿನಲ್ ವಲಯದಿಂದ ಬರುವ 1ನೇ ಪದರವನ್ನು ಈ ಸರಣಿಗೆ ಸೇರಿಸಬೇಡಿ. ಅಲ್ಲಿನ ಕಾಹಾಲ್-ರೆಟ್ಜಿಯಸ್ ಕೋಶಗಳು ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತವೆ. ಅವು ರೀಲಿನ್ ಎಂಬ ಪ್ರೋಟೀನ್ ಬಿಡುತ್ತವೆ. ಹತ್ತಿ ಬಂದ ನ್ಯೂರಾನ್ 1ನೇ ಪದರದ ಕೆಳಗೇ ಸಾರವೆ ಬಿಟ್ಟು ನಿಲ್ಲಲು ಅದು ಬೇಕು.

1961ರಲ್ಲಿ ಆಂಜೆವಿನ್ ಮತ್ತು ಸಿಡ್ಮನ್ ಎಂಬ ವಿಜ್ಞಾನಿಗಳು ಇದನ್ನು ಇಲಿಯಲ್ಲಿ ತೋರಿಸಿದರು. ಬಸುರಿ ಇಲಿಗೆ ವಿಕಿರಣ ಸೂಸುವ ಥೈಮಿಡಿನ್ (ಕೋಶ ಒಡೆಯುವ ಮುನ್ನ ಹೊಸ ಡಿಎನ್‌ಎ ಕಟ್ಟಲು ಬಳಸುವ ವಸ್ತು) ಕೊಟ್ಟರೆ, ಆ ಹೊತ್ತಿಗೆ ಕೊನೆಯ ಸಲ ಒಡೆಯಲು ಹೊರಟ ಕೋಶಗಳಲ್ಲಿ ಆ ಗುರುತು ಉಳಿಯುತ್ತದೆ. ಬೇಗ ಕೊಟ್ಟಾಗ ಗುರುತು ಆಳದ ಪದರದಲ್ಲಿ ಸಿಕ್ಕಿತು, ತಡವಾಗಿ ಕೊಟ್ಟಾಗ ಮೇಲಿನ ಪದರದಲ್ಲಿ. ಎಷ್ಟು ಚೊಕ್ಕ ಪ್ರಯೋಗ!

ರೀಲಿನ್ ಇಲ್ಲದ 'ರೀಲರ್' ಇಲಿಯಲ್ಲಿ ಹೊಸಬರು ಹಳಬರನ್ನು ದಾಟಲಾರರು, ಕೆಳಗೇ ಸಿಕ್ಕಿಕೊಳ್ಳುತ್ತಾರೆ. ಪದರಗಳು ಹೆಚ್ಚುಕಡಿಮೆ ತಲೆಕೆಳಗಾಗುತ್ತವೆ. ನಾನು ಮೊದಲು ಅಂದುಕೊಂಡಿದ್ದ ಚಿತ್ರ ಆ ಇಲಿಯದ್ದೇ.