ಸಮವಸ್ತ್ರ ತೊಟ್ಟವರಿಗೆ ಬೇರೆ ಲೆಕ್ಕ

ಮುಂಬೈಯ ನೌಕಾ ಡಾಕ್‌ಯಾರ್ಡ್ ಒಳಗೆ ಮೂರು ಬಗೆಯ ಜನ ಕೆಲಸ ಮಾಡುತ್ತಾರೆ. ಸಮವಸ್ತ್ರದ ನಾವಿಕರು, ಡಾಕ್‌ಯಾರ್ಡ್‌ನ ಕಾಯಂ ಫಿಟ್ಟರ್‌ಗಳು, ಗುತ್ತಿಗೆದಾರ ಮಾಡಿಸಿಕೊಟ್ಟ ಪಾಸ್ ಹಿಡಿದು ಬರುವ ವೆಲ್ಡರ್, ಪೇಂಟರ್‌ಗಳು. ವಿಜಯಪುರ, ಕಲಬುರಗಿ ಕಡೆಯವರು ಇದರಲ್ಲಿ ಯಾವ ಗುಂಪಿನಲ್ಲಾದರೂ ಇರಬಹುದು. ಹಡಗು ಒಂದೇ, ಅಪಾಯವೂ ಒಂದೇ. ಆದರೆ ಅವಘಡದಲ್ಲಿ ಜೀವ ಹೋದರೆ ಮನೆಯವರಿಗೆ ಪರಿಹಾರ ಸಿಗುವ ದಾರಿ ಬೇರೆ ಬೇರೆ. ಈ ದಾರಿ ಕವಲೊಡೆದಿದ್ದು 1923ರಲ್ಲಿ.

ಅದಕ್ಕೂ ಮೊದಲು ಇದ್ದದ್ದು 1855ರ ಮಾರಕ ಅಪಘಾತಗಳ ಕಾಯ್ದೆ. ಮಾಲೀಕನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ದುಡ್ಡು. ಗಿರಣಿ ಕೂಲಿಯ ಹೆಂಡತಿ ವಕೀಲರನ್ನು ಎಲ್ಲಿಂದ ತರಬೇಕು? 1920ರಲ್ಲಿ ಇದೇ ಮುಂಬೈಯಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಎಐಟಿಯುಸಿ ಹುಟ್ಟಿತು. ಮೂರು ವರ್ಷಕ್ಕೆ ಕಾರ್ಮಿಕರ ಪರಿಹಾರ ಕಾಯ್ದೆ ಬಂತು, 1924ರ ಜುಲೈ 1ರಿಂದ ಜಾರಿಯಾಯಿತು. ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಅಪಘಾತವಾಗಿದ್ದರೆ ಸಾಕು, ಮಾಲೀಕನ ತಪ್ಪು ತೋರಿಸಬೇಕಿಲ್ಲ ಅಂದಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಆದರೆ ಕಾರ್ಮಿಕ ಅಂದರೆ ಯಾರು ಅಂತ ಹೇಳುವ ಕಲಮಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ದೊರೆಯ ಭೂಸೇನೆ, ನೌಕಾಸೇನೆ, ವಾಯುಪಡೆಯವರು ಇದರಲ್ಲಿ ಬರುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 'ದೊರೆ' ಹೋಗಿ 'ಒಕ್ಕೂಟದ ಸಶಸ್ತ್ರ ಪಡೆ' ಬಂತು, ಸಾಲು ಹಾಗೇ ಉಳಿಯಿತು. 2009ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರೇ ಬದಲಾಯಿತು, ಸಾಲು ಅಲುಗಲಿಲ್ಲ. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಕಥೆ. ಸೈನಿಕರಿಗೆ ಸರ್ಕಾರದ ಪಿಂಚಣಿ ಇದೆ, ಇದು ಯಾಕೆ ಅನ್ನುವುದು ಇದರ ಹಿಂದಿನ ತರ್ಕ.

ಯುದ್ಧ ಬಂದಾಗ ಈ ಗೆರೆ ಕಲಸಿಹೋಯಿತು. ಶತ್ರುವಿನ ಬಾಂಬು ಕಾರ್ಖಾನೆಯ ಮೇಲೆ ಬಿದ್ದು ಕಾರ್ಮಿಕ ಸತ್ತರೆ ಯಾರು ಕೊಡಬೇಕು? ಅದಕ್ಕಾಗಿಯೇ 1943ರಲ್ಲಿ ಯುದ್ಧಗಾಯಗಳ ಪರಿಹಾರ ವಿಮೆ ಕಾಯ್ದೆ ಮಾಡಿ ಮಾಲೀಕರ ತಲೆಗೆ ಕಟ್ಟಿದರು. ಮರುವರ್ಷ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿಯಿತು. ಒಳಗೆ ಹತ್ತಿ ಮೂಟೆ, ಜೊತೆಗೇ ಸ್ಫೋಟಕ! 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಡಾಕ್ ಕೂಲಿಗಳು, ಸೈನಿಕರು, ಸುತ್ತಲಿನ ಗಲ್ಲಿಯ ಜನ ಎಲ್ಲರಿಗೂ ಒಂದೇ ಬೆಂಕಿ. ಬೆಂಕಿ ಹೊತ್ತಿಸಿದ್ದು ಶತ್ರುವಲ್ಲ. ಚೀನಾ ಯುದ್ಧದ ಹೊತ್ತಿಗೆ, 1962-63ರಲ್ಲಿ, 1943ರ ಮಾದರಿಯ ಕಾಯ್ದೆಗಳನ್ನು ಮತ್ತೆ ತಂದರು.

ಇತ್ತ ಸೇನೆ ತನ್ನದೇ ಏರ್ಪಾಟು ಕಟ್ಟಿಕೊಂಡಿತು. 1976ರಲ್ಲಿ ಭೂಸೇನೆಯ ಗುಂಪು ವಿಮಾ ನಿಧಿ ಶುರುವಾಯಿತು. ಐದನೇ ವೇತನ ಆಯೋಗದ ನಂತರ ಇಡಿಗಂಟು ಪರಿಹಾರ, ಅಂದರೆ ಎಕ್ಸ್‌ಗ್ರೇಷಿಯಾ, 5 ಲಕ್ಷದಿಂದ ಶುರುವಾಗುತ್ತಿತ್ತು. 2016ರಿಂದ ಕರ್ತವ್ಯದ ವೇಳೆಯ ಅಪಘಾತಕ್ಕೆ 25 ಲಕ್ಷ, ಯುದ್ಧದಲ್ಲಿ ಸತ್ತರೆ 45 ಲಕ್ಷ. ಪಿಂಚಣಿಯಲ್ಲಿ ಮೂರು ಮೆಟ್ಟಿಲು. ಸಾಮಾನ್ಯ ಕುಟುಂಬ ಪಿಂಚಣಿ ಕೆಲವು ವರ್ಷದ ಮೇಲೆ ಸಂಬಳದ ಶೇ 30ಕ್ಕೆ ಇಳಿಯುತ್ತದೆ. ಸಾವಿಗೆ ಸೇವೆಯೇ ಕಾರಣ ಅಂತಾದರೆ ಶೇ 60. ಯುದ್ಧ, ಉಗ್ರರ ದಾಳಿಯಾದರೆ ಕೊನೆಯ ಪೂರ್ತಿ ಸಂಬಳ.

ಗಂಟು ಇರುವುದು ಆ 'ಸೇವೆಯೇ ಕಾರಣ' ಅನ್ನುವಲ್ಲಿ. ಅದನ್ನು ತೀರ್ಮಾನಿಸುವುದು ಸೇನೆಯ ಒಳಗಿನ ವಿಚಾರಣಾ ಮಂಡಳಿ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ, ಮತ್ತು ಅದರ ಮೇಲಿನ ಅಧಿಕಾರಿಗಳು. ಊರಲ್ಲಿರುವ ಹೆಂಡತಿಗೆ ಅಲ್ಲಿ ಏನು ಬರೆದಿದ್ದಾರೆ ಅಂತ ಗೊತ್ತಾಗುವುದು ಪಿಂಚಣಿ ಆದೇಶ ಕೈಗೆ ಬಂದಾಗಲೇ. 2013ರ ಆಗಸ್ಟ್ 14ರ ನಡುರಾತ್ರಿ ಸಿಂಧುರಕ್ಷಕ್ ಜಲಾಂತರ್ಗಾಮಿ ಇದೇ ಡಾಕ್‌ಯಾರ್ಡ್‌ನಲ್ಲಿ ಸಿಡಿದು ಮುಳುಗಿ 18 ಮಂದಿ ಸತ್ತರು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಅಂಥದರಲ್ಲಿ ಕಾರಣದ ಬಗ್ಗೆ ತಕರಾರು ಬರುವುದಿಲ್ಲ. ರಜೆಗೆ ಊರಿಗೆ ಹೊರಟವರ ವಿಷಯದಲ್ಲಿ ಬರುತ್ತದೆ. ಸ್ವಂತ ಖರ್ಚಿನಲ್ಲಿ ರಜೆಯ ಮೇಲೆ ಹೊರಟು ರೈಲಿನಿಂದ ಇಳಿಯುವಾಗ ಗಾಯಗೊಂಡ ಸೈನಿಕನೂ ಕರ್ತವ್ಯದಲ್ಲೇ ಇದ್ದ ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಬೇಕಾಯಿತು. ಆಗ ಇಂಥ ವ್ಯಾಜ್ಯಕ್ಕೆ ಹೈಕೋರ್ಟೇ ಗತಿ. 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶುರುವಾಗಿ ಸ್ವಲ್ಪ ಹಗುರವಾಯಿತು. ಮುಂಬೈಯಲ್ಲೂ ಕೊಚ್ಚಿಯಲ್ಲೂ ಅದರ ಪೀಠಗಳಿವೆ.

ಇನ್ನು ಕಾಗದದ ಕಾಟ. ನಾವಿಕರ ದಾಖಲೆ ಮಾನಖುರ್ದ್‌ನ ಬ್ಯೂರೊ ಆಫ್ ಸೇಲರ್ಸ್‌ನಲ್ಲಿ, ಭೂಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನವರದು ಪುಣೆಯ ಖಡ್ಕಿಯಲ್ಲಿ. ಭೂಸೇನೆಯಲ್ಲಾದರೆ ಮದುವೆಯಾದಾಗ ಹೆಂಡತಿಯ ಹೆಸರು ಪಾರ್ಟ್-2 ಆರ್ಡರ್ ಅನ್ನುವ ಆದೇಶದ ಮೂಲಕ ದಾಖಲೆಗೆ ಏರಬೇಕು. ನಮ್ಮ ಕಡೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು ಇರುವುದು ಮಾಮೂಲು. ಆಧಾರ್‌ನಲ್ಲಿ ಒಂದು, ಸೇನೆಯ ಕಡತದಲ್ಲಿ ಇನ್ನೊಂದು ಇದ್ದರೆ ಫೈಲು ಅಲ್ಲೇ ಕೂರುತ್ತದೆ. ಹೆಂಡತಿಯ ಬದುಕಿನ ಮೇಲೆ ಸರ್ಕಾರದ ಕಣ್ಣು ಬೇರೆ. ವಿಧವೆ ಮರುಮದುವೆಯಾದ ಮೇಲೂ ಶೌರ್ಯ ಪದಕದ ಭತ್ಯೆ ಮುಂದುವರಿಯಬೇಕಾದರೆ ಮೈದುನ ಅಥವಾ ಭಾವನನ್ನೇ ಮದುವೆಯಾಗಿರಬೇಕು ಅನ್ನುವ ಷರತ್ತು 2017ರ ತನಕ ಇತ್ತು, ನಂಬುತ್ತೀರಾ?

2022ರಲ್ಲಿ ಬಂದ, ನಾಲ್ಕು ವರ್ಷಕ್ಕಷ್ಟೇ ಸೇನೆಗೆ ಸೇರುವ ಅಗ್ನಿವೀರರ ಲೆಕ್ಕ ಮತ್ತೊಂದು ಥರ. 48 ಲಕ್ಷದ ವಿಮೆ, ಸೇವೆಯ ಕಾರಣದಿಂದ ಸಾವಾದರೆ ಮೇಲೆ 44 ಲಕ್ಷ, ಉಳಿದ ಅವಧಿಯ ಸಂಬಳ. ಮೊತ್ತ ದೊಡ್ಡದೇ. ಆದರೆ ಮನೆಯವರಿಗೆ ತಿಂಗಳ ಪಿಂಚಣಿ ಇಲ್ಲ.

ಸೈನಿಕರನ್ನು ಕಾರ್ಮಿಕ ಕಾಯ್ದೆಯಿಂದ ಹೊರಗಿಟ್ಟಿದ್ದು ಅನ್ಯಾಯ ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿದರೆ ಉಲ್ಟಾ. ಸಾವಿಗೆ ಕಾಯ್ದೆಯ ಸೂತ್ರ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕಂತೆ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆಯಿಂದ, ಅಂದರೆ ವಯಸ್ಸಿನ ಅಂಶದಿಂದ ಗುಣಿಸುವುದು. ಸಂಬಳ ಎಷ್ಟೇ ಇರಲಿ, 2020ರ ಜನವರಿಯಲ್ಲಿ ಹಾಕಿದ ಮಿತಿ ತಿಂಗಳಿಗೆ 15,000. 30 ವರ್ಷದವರಿಗೆ ಅಂಶ 207.98. ಅಂದರೆ 7,500ನ್ನು ಅದರಿಂದ ಗುಣಿಸಿ 15,59,850 ರೂಪಾಯಿ. ಅಷ್ಟೇ, ಒಂದೇ ಸಲ. 2018ರ ನವೆಂಬರ್‌ನಲ್ಲಿ ವಾರ್ಧಾ ಜಿಲ್ಲೆಯ ಪುಲಗಾಂವ್‌ನಲ್ಲಿ ಹಳೇ ಮದ್ದುಗುಂಡು ವಿಲೇವಾರಿ ಮಾಡುವಾಗ ಸ್ಫೋಟವಾಗಿ ಸತ್ತವರಲ್ಲಿ ಹೆಚ್ಚಿನವರು ಗುತ್ತಿಗೆ ಕೂಲಿಗಳು. ಸೇನೆಯ ಜಾಗದಲ್ಲಿ ಮದ್ದುಗುಂಡು ಎತ್ತುತ್ತಿದ್ದವರು ಸೇನೆಯವರಲ್ಲ. ನನ್ನ ಮಟ್ಟಿಗೆ ಈಗ ಜಾಸ್ತಿ ಗಮನ ಬೇಕಿರುವುದು ಇವರ ಕಡೆಗೆ.

ಆದರೂ ಆ ಕಾಯ್ದೆಯಲ್ಲಿ, ಈಗಿನ ಸಂಹಿತೆಯಲ್ಲೂ, ಸೇನೆಯ ಕಡೆ ಕಾಣದ ಒಂದು ಬಿಗಿ ಇದೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದೆ ಎಳೆದರೆ ಮೊತ್ತದ ಅರ್ಧದವರೆಗೂ ದಂಡ. ಗುತ್ತಿಗೆದಾರ ಕೈಯೆತ್ತಿದರೆ ಕೆಲಸ ಕೊಟ್ಟ ಮುಖ್ಯ ಮಾಲೀಕನನ್ನೇ ಕೇಳಬಹುದು. ಆತ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಮಣ್ಣು ಮಾಡಿ ಊರು ಸೇರಿದ ಮನೆಯವರು ಇದಕ್ಕಾಗಿ ಮುಂಬೈಗೆ ಅಲೆಯಬೇಕಿಲ್ಲ. ಅರ್ಜಿಯನ್ನು ತಾವು ವಾಸವಿರುವ ಕಡೆಯ, ಪರಿಹಾರ ತೀರ್ಮಾನಿಸುವ ಕಮಿಷನರ್ ಮುಂದೆಯೇ ಹಾಕಬಹುದು ಅಂತ 1995ರಲ್ಲೇ ತಿದ್ದುಪಡಿಯಾಗಿದೆ. ಎರಡು ವರ್ಷದೊಳಗೆ ಹಾಕಬೇಕು, ಕೂಲಿ ಕೊಟ್ಟ ಚೀಟಿಯೋ ಗೇಟ್ ಪಾಸೋ ಏನಿದ್ದರೂ ಜೊತೆಗಿಡಬೇಕು.